ಊದುಕೊಳವೆ ಪ್ರವೀಣೆಯ ಉಸಿರು ಪರೀಕ್ಷೆ

ಆಸ್ತಮಾಕ್ಕೂ ಸಿಒಪಿಡಿಗೂ ಇರುವ ವ್ಯತ್ಯಾಸವನ್ನು ಆಂಡರ್ಸನ್‌ಪೇಟೆಯ ನಮ್ಮ ಬೀದಿಗೆ ಮೊದಲು ತಿಳಿಸಿಕೊಟ್ಟವಳು ನಾನು. ಯಾರೂ ಕೇಳಿರಲಿಲ್ಲ. ಆದರೂ ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಳ್ಳಲು ಬಂದವರಿಗೆಲ್ಲ ಚಟ್ನಿಯ ಜೊತೆಗೆ ಇದನ್ನೂ ಬಡಿಸುತ್ತಿದ್ದೆ. ಶಾಲೆಯ ಅಂಗಳದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಒಬ್ಬರು ಮೈಕು ಹಿಡಿದು ಮುಕ್ಕಾಲು ಗಂಟೆ ವಿವರಿಸಿದ್ದರು. ನಾನು ಕಾಲು ಗಂಟೆ ಕೇಳಿ, ಉದ್ದಿನಬೇಳೆ ನೆನೆಹಾಕಬೇಕೆಂದು ಎದ್ದು ಬಂದಿದ್ದೆ. ಅಷ್ಟರಲ್ಲೇ ನನಗೆ ವಿಷಯದ ಸಾರ ಸಿಕ್ಕಿತ್ತು. ಎರಡೂ ಉಸಿರಿನ ಕಾಯಿಲೆ. ಬೀಡಿ ಸೇದುವವರಿಗೆ ಬರುವುದು ಸಿಒಪಿಡಿ, ಸೇದದವರಿಗೆ ಬರುವುದು ಆಸ್ತಮಾ. ಇಷ್ಟು ಸುಲಭದ ವಿಷಯಕ್ಕೆ ಡಾಕ್ಟರುಗಳು ವರ್ಷಗಟ್ಟಲೆ ಯಾಕೆ ಓದುತ್ತಾರೋ ಎಂದು ಆಶ್ಚರ್ಯವಾಗಿತ್ತು.

ನನ್ನ ಸಿದ್ಧಾಂತಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು. ನಮ್ಮ ಯಜಮಾನರು ವೆಂಕಟೇಶಪ್ಪನವರು ಎರಡು ಹಸು ಸಾಕಿ ಹಾಲು ಹಾಕುತ್ತಾರೆ, ದಿನಕ್ಕೆ ನಾಲ್ಕು ಬೀಡಿ ಸೇದುತ್ತಾರೆ, ಒಣಹುಲ್ಲು ಕೆದರಿದ ದಿನ ಎದೆಯಲ್ಲಿ ಸುಂಯ್ ಸುಂಯ್ ಎನ್ನಿಸುತ್ತಾ ಜಗಲಿಯ ಮೇಲೆ ಕೂರುತ್ತಾರೆ. ಒಮ್ಮೆ ಜೋರಾದಾಗ ಇಲ್ಲಿಯ ಡಾಕ್ಟರು ನೀಲಿ ಇನ್‌ಹೇಲರ್ ಕೊಟ್ಟು, ಬಂಗಾರಪೇಟೆಗೆ ಹೋಗಿ ಉಸಿರಿನ ಪರೀಕ್ಷೆ ಮಾಡಿಸಿ ಎಂದಿದ್ದರು. ಇವರು ಹೋಗಲಿಲ್ಲ. ಎರಡು ಸಲ ಎಳೆದರೆ ಸರಿಹೋಗುತ್ತಿತ್ತು, ಆಮೇಲೆ ವಾರಗಟ್ಟಲೆ ಏನೂ ಆಗದವರಂತೆ ಓಡಾಡಿಕೊಂಡಿರುತ್ತಿದ್ದರು.

"ನಂದು ಆಸ್ತಮಾನೇ ಕಣ್ಲೇ ರತ್ನ," ಎನ್ನುತ್ತಿದ್ದರು. "ಚಿಕ್ಕೋನಾಗಿದ್ದಾಗ್ಲೂ ಇಂಗೇ ಆಗ್ತಿತ್ತು. ನಮ್ಮವ್ವ ಬೆನ್ನು ತಿಕ್ತಿದ್ಲು."

"ಬೀಡಿ ಸೇದೋರ್ಗೆ ಆಸ್ತಮಾ ಎಲ್ಲಿಂದ ಬತ್ತದೆ? ಶಿಬಿರದಾಗೆ ಯೋಳವ್ರೆ. ನಿಮ್ದು ಸಿಒಪಿಡಿ."

"ಅಂಗಾದ್ರೆ ನಿಂದೇನು? ದಿನಾ ಒತ್ತಾರೆ ಎದ್ದು ಕೆಮ್ತೀಯಲ್ಲ."

ನನ್ನದು ಬರೀ ಕೆಮ್ಮು. ಜೊತೆಗೆ ಒಂದಿಷ್ಟು ಕಫ. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು. ಅದು ವಯಸ್ಸಿನದೆಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಬೀಡಿ ಮುಟ್ಟದವಳಿಗೆ ದೊಡ್ಡ ಕಾಯಿಲೆ ಬರಲು ಸಾಧ್ಯವೇ ಇರಲಿಲ್ಲ, ಸಿದ್ಧಾಂತ ಒಪ್ಪುತ್ತಿರಲಿಲ್ಲ. ಉಸಿರು ತೀರಾ ಬಿಗಿಯಾದ ದಿನ ಮಾತ್ರ ಯಜಮಾನರ ಇನ್‌ಹೇಲರನ್ನು ಸೆರಗಿನ ಮರೆಯಲ್ಲಿ ಒಂದೆರಡು ಸಲ ಎಳೆಯುತ್ತಿದ್ದೆ. ನೆಗಡಿ ಮುಲಾಮನ್ನು ಮನೆಯವರೆಲ್ಲ ಹಚ್ಚಿಕೊಳ್ಳುವುದಿಲ್ಲವೇ, ಹಾಗೆ.

ಇಲ್ಲಿ ನನ್ನ ಒಲೆಯ ವಿಷಯ ಹೇಳಲೇಬೇಕು. ಮೂವತ್ತು ವರ್ಷದಿಂದ ನಾನು ಇಡ್ಲಿ ಬೇಯಿಸುವುದು ಸೌದೆ ಒಲೆಯಲ್ಲಿ. ಅಪ್ಪ ಗಣಿ ಕೆಲಸದ ಕಾಲದಲ್ಲಿ ತಂದುಕೊಟ್ಟ ಕಬ್ಬಿಣದ ತುಂಡು ಪೈಪೇ ನನ್ನ ಊದುಕೊಳವೆ. ಹಸಿ ಸೌದೆಯಾದರೂ ಮೂರೇ ಊದಿಗೆ ಹೊತ್ತಿಸುತ್ತೇನೆ ಎಂಬ ಹೆಸರು ನನಗಿತ್ತು. ಗ್ಯಾಸ್ ಒಲೆಯೂ ಇತ್ತು. ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಮೇಲೆ ಸಾಸಿವೆ ಡಬ್ಬಿ ಇಟ್ಟಿದ್ದೆ. ಪಕ್ಕದ ಮನೆಯ ಸೆಲ್ವಿ ದಿನವೂ ನಾಲ್ಕು ಇಡ್ಲಿ ಒಯ್ಯುತ್ತಾ, "ಗ್ಯಾಸ್ ಇಡ್ಲಿ ಬಾಯಿಗೆ ಇಡಕ್ ಆಗಲ್ಲ ಅಕ್ಕಾ, ನಿಂದು ಒಲೆ ಇಡ್ಲಿ, ಅದ್ರ ರುಚಿನೇ ಬೇರೆ," ಎನ್ನುತ್ತಿದ್ದಳು. ಆ ಮಾತಿಗಾಗಿ ನಾನು ಇನ್ನೂ ಮೂವತ್ತು ವರ್ಷ ಹೊಗೆ ಕುಡಿಯಲು ಸಿದ್ಧಳಿದ್ದೆ.

ಕಳೆದ ಚಳಿಗಾಲದಲ್ಲಿ ಯಜಮಾನರ ಸುಂಯ್ ಸದ್ದು ಹೆಚ್ಚಾಯಿತು. ಇನ್ನು ಬಿಡಬಾರದೆಂದು ಅವರನ್ನು ಮಾರಿಕುಪ್ಪಂನಲ್ಲಿ ರೈಲು ಹತ್ತಿಸಿ ಬಂಗಾರಪೇಟೆಗೆ ಕರೆದುಕೊಂಡು ಹೊರಟೆ. ನಿಜ ಹೇಳಬೇಕೆಂದರೆ ಅವರ ಆರೋಗ್ಯದಷ್ಟೇ ನನ್ನ ಸಿದ್ಧಾಂತವೂ ಮುಖ್ಯವಾಗಿತ್ತು. ರೈಲಿನಲ್ಲಿ ಇವರು ಮತ್ತೆ ಸದ್ದು ಶುರುಮಾಡಿದರು. ಪರೀಕ್ಷೆಗೆ ಹೋಗುವವರು ಇಷ್ಟು ಸುಸ್ತಾಗಿ ಹೋಗುವುದೇ? ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಇನ್‌ಹೇಲರ್ ತೆಗೆದು ಎರಡು ಸಲ ಎಳೆಸಿದೆ. ಇವರು ಚಿಗುರಿಕೊಂಡರು. ಬಂಗಾರಪೇಟೆಯ ರೈಲು ಸೇತುವೆಯನ್ನು ಇವರು ಒಂದೇ ಉಸಿರಿಗೆ ಹತ್ತಿದರು. ನಾನು ನಡುವೆ ಎರಡು ಕಡೆ ನಿಂತು ರೈಲುಗಳನ್ನು ನೋಡಿದೆ. ನನಗೆ ಮೊದಲಿನಿಂದಲೂ ರೈಲು ನೋಡುವ ಆಸೆ.

ಆಸ್ಪತ್ರೆಯಲ್ಲಿ ಸಿಸ್ಟರು ಕೇಳಿದರು. "ಬೆಳಿಗ್ಗೆಯಿಂದ ಇನ್‌ಹೇಲರ್ ತಗೊಂಡಿದ್ದಾರಾ?"

"ಇಲ್ಲ," ಎಂದೆ ಗಂಭೀರವಾಗಿ.

ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು ಊದಿಸಿದರು. ಯಂತ್ರ ನೋಡಿದ ಸಿಸ್ಟರಿಗೆ ಅನುಮಾನ ಬಂತು. ಇಷ್ಟು ಚೆನ್ನಾಗಿ ಊದುವವರು ಇಲ್ಲಿಗೆ ಯಾಕೆ ಬಂದರು?

"ರೈಲ್ನಾಗೆ ಇವ್ಳೇ ಎರಡು ದಪ ಎಳ್ಸಿದ್ಲು," ಎಂದರು ಯಜಮಾನರು. ಇಡೀ ಜೀವಮಾನದಲ್ಲಿ ಅವರು ಒಮ್ಮೆಯೂ ನನ್ನ ಪರವಾಗಿ ಸುಳ್ಳು ಹೇಳಿದವರಲ್ಲ.

"ಅಮ್ಮಾ, ಇದು ಪಾಸಾಗೋ ಪರೀಕ್ಷೆ ಅಲ್ಲ," ಎಂದರು ಸಿಸ್ಟರು. "ಔಷಧಿ ಇಲ್ಲದೆ ಎಷ್ಟು ಊದ್ತಾರೆ, ಔಷಧಿ ಕೊಟ್ಟ ಮೇಲೆ ಎಷ್ಟು ಊದ್ತಾರೆ ಅಂತ ಎರಡನ್ನೂ ನೋಡ್ಬೇಕು. ನಾಳೆ ಏನೂ ತಗೊಳ್ದೆ ಬನ್ನಿ."

ಸಾಲಿನಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಲ್ಲಿಗೆ ಸುಮ್ಮನಾಗಿದ್ದರೆ ನನ್ನ ಮಾನ ಹೋಗುವುದು ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ನಾನು, "ಇವ್ರಿಗೆ ಊದಕ್ಕೇ ಬರಲ್ಲ ಸಿಸ್ಟರ್, ದವಡೆ ಬಿಗಿ ಇಡ್ದು ಒಟ್ಟೆಯಿಂದ ಊದ್ಬೇಕು. ಮೂವತ್ತು ವರ್ಷದಿಂದ ಊದ್ತಾ ಇವ್ನಿ ನಾನು," ಎಂದು ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಸಿಸ್ಟರು ಕಾದರು. ಆಮೇಲೆ ಒಳಗೆ ಹೋಗಿ ಡಾಕ್ಟರಮ್ಮನನ್ನು ಕೇಳಿಕೊಂಡು ಬಂದು, ಹೊಸ ಕೊಳವೆ ಸಿಕ್ಕಿಸಿದರು.

"ಬನ್ನಿ, ನೀವೇ ತೋರಿಸಿ. ಇವತ್ತು ನೀವೇನೂ ತಗೊಂಡಿಲ್ಲ ತಾನೆ?"

"ನಾನ್ಯಾಕ್ ತಗೊಳ್ಳಿ," ಎಂದೆ. ಆ ಒಂದು ದಿನದ ಮಟ್ಟಿಗೆ ಅದು ಸತ್ಯ.

ಸೆರಗು ಸಿಕ್ಕಿಸಿ, ಒಲೆಯ ಮುಂದೆ ಕೂತಂತೆ ನೆಟ್ಟಗೆ ಕೂತು ಊದಿದೆ. ಸಿಸ್ಟರು "ಊದಿ, ಊದಿ, ಇನ್ನೂ ಊದಿ" ಎನ್ನುತ್ತಲೇ ಇದ್ದರು. ಎದೆಯಲ್ಲಿ ಗಾಳಿ ಇತ್ತು; ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಪರದೆಯ ಮೇಲೆ ನನ್ನ ಗೆರೆ ಸ್ವಲ್ಪ ಎದ್ದು, ಹಾಗೇ ಮಲಗಿತು. ಮೂರು ಸಲ ಊದಿಸಿದರು. ಔಷಧಿ ಎಳೆಸಿ, ಕಾಲು ಗಂಟೆ ಕೂರಿಸಿ, ಮತ್ತೆ ಮೂರು ಸಲ. ಗೆರೆ ಹೆಚ್ಚೇನೂ ಏಳಲಿಲ್ಲ. ಅಕ್ಕಪಕ್ಕದವರು ನಗಬಹುದೆಂದುಕೊಂಡೆ, ಯಾರೂ ನಗಲಿಲ್ಲ. ಆಗ ನನಗೆ ಭಯವಾಯಿತು.

ನನಗೂ ಎಕ್ಸರೇ ತೆಗೆಸಿ ಕಳಿಸಿದರು. ಮರುದಿನ ಯಜಮಾನರು ಏನೂ ಎಳೆಯದೆ ಬಂದು ಊದಿದಾಗ ಗೆರೆ ಕುಸಿದಿತ್ತು. ಔಷಧಿ ಕೊಟ್ಟ ಮೇಲೆ ಚೆನ್ನಾಗಿ ಮೇಲೆದ್ದಿತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಚಿಕ್ಕಂದಿನಿಂದ ಇಂದಿನವರೆಗಿನ ಕೆಮ್ಮು, ಬೀಡಿ, ಹುಲ್ಲು, ಒಲೆ ಎಲ್ಲವನ್ನೂ ಕೇಳಿ ಬರೆದುಕೊಂಡರು.

"ಇವರದು ಆಸ್ತಮಾ," ಎಂದರು ಯಜಮಾನರ ಕಡೆ ತೋರಿಸಿ. "ಹುಲ್ಲಿನ ಧೂಳು ತಾಗಿದಾಗ ಉಸಿರಿನ ದಾರಿ ಬಿಗಿಯಾಗುತ್ತೆ, ಔಷಧಿ ಕೊಟ್ಟರೆ ಬಿಡುತ್ತೆ. ಬಂದು ಹೋಗೋ ಕಾಯಿಲೆ. ಹಾಗಂತ ನೀಲಿದನ್ನೇ ನಂಬಿಕೊಂಡಿರಬಾರದು, ದಿನಾ ತಗೊಳ್ಳೋ ಬೇರೆ ಇನ್‌ಹೇಲರ್ ಕೊಡ್ತೀನಿ. ಬೀಡಿ ಬಿಡ್ಲೇಬೇಕು. ಇಲ್ಲದಿದ್ದರೆ ನಿಮಗೂ ಸಿಒಪಿಡಿ ಸೇರಿಕೊಳ್ಳುತ್ತೆ."

"ನಿಮಗೂ?" ಎಂದೆ ನಾನು. "ಬೇರೆ ಯಾರ್ಗೈತೆ?"

"ನಿಮಗೇ ಅಮ್ಮ. ಬೀಡಿ ಹೊಗೆ ಒಂದೇ ಹೊಗೆ ಅಲ್ಲ. ಮೂವತ್ತು ವರ್ಷ ಒಲೆ ಹೊಗೆ ಕುಡಿದಿದ್ದೀರಿ. ನಿಮ್ಮ ಉಸಿರಿನ ದಾರಿ ನಿಧಾನವಾಗಿ ಕಿರಿದಾಗಿಬಿಟ್ಟಿದೆ. ಅದಕ್ಕೇ ನಿಮಗೆ ದಿನಾ ಕೆಮ್ಮು, ದಿನಾ ಏದುಸಿರು."

"ಓಗಿರೋ ಉಸ್ರು ವಾಪಸ್ ಬತ್ತದಾ ಡಾಕ್ಟ್ರೇ?"

"ಪೂರ್ತಿ ಬರಲ್ಲ. ಇರೋದನ್ನ ಉಳಿಸಿಕೊಳ್ಳಬಹುದು. ಔಷಧಿ ಇದೆ. ಮೊದಲು ಹೊಗೆಯಿಂದ ದೂರ ಇರಿ."

ಯಜಮಾನರು ಗೆದ್ದಿದ್ದರು. "ನಾನ್ ಯೋಳಿರ್ಲಿಲ್ವಾ" ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಅವರಿಗೆ ಸಿಗುತ್ತಿರಲಿಲ್ಲ. ಅವರು ಹಾಗೆನ್ನಲಿಲ್ಲ. ವಾಪಸ್ಸು ಬರುವಾಗ ಸೇತುವೆಯ ನಡುವೆ ನಾನು ನಿಲ್ಲುವ ಮೊದಲೇ ತಾವೇ ನಿಂತು, "ರೈಲು ನೋಡಾಣ ಇರು," ಎಂದರು. ಕೆಳಗೆ ಒಂದು ರೈಲೂ ಇರಲಿಲ್ಲ. ನನಗೆ ಅಳು ಬಂತು, ಕೆಮ್ಮಿದವಳಂತೆ ಮಾಡಿದೆ.

ಮನೆಗೆ ಬಂದವರೇ ಅವರು ಬೀಡಿ ಕಟ್ಟನ್ನೂ ನನ್ನ ಊದುಕೊಳವೆಯನ್ನೂ ಒಟ್ಟಿಗೆ ಅಟ್ಟದ ಮೇಲೆ ಎಸೆದರು. ಗ್ಯಾಸ್ ಒಲೆಯ ಕಸೂತಿ ಬಟ್ಟೆ ಇಳಿಯಿತು. ನಮ್ಮಿಬ್ಬರ ಇನ್‌ಹೇಲರುಗಳು ಅದಲುಬದಲಾಗದಂತೆ ಅವರದಕ್ಕೆ ಕರಿದಾರ, ನನ್ನದಕ್ಕೆ ಅರಿಶಿನದ ದಾರ ಕಟ್ಟಿದೆ. ಆದರೆ ಇಡ್ಲಿಯ ಗಿರಾಕಿಗಳಿಗೆ ಒಲೆ ಬದಲಾದ ವಿಷಯ ಹೇಳುವ ಧೈರ್ಯವಾಗಲಿಲ್ಲ. ಒಲೆ ಇಡ್ಲಿಯೆಂಬ ಹೆಸರು ಹೋದರೆ ನನಗೆ ಉಳಿಯುವುದಾದರೂ ಏನು? ಯಾರಾದರೂ ಬಾಯಿಗಿಟ್ಟು ಮುಖ ಸಿಂಡರಿಸಿದಾಗ ಹೇಳಿದರಾಯಿತೆಂದು ಕಾದೆ.

ಒಂದು ವಾರವಾಯಿತು. ಒಂದು ತಿಂಗಳಾಯಿತು. ಸೆಲ್ವಿ ಅಂದೂ ಜಗಲಿಯ ಮೇಲೆ ಕೂತು ಇಡ್ಲಿ ಮುರಿಯುತ್ತಾ, "ಏನೇ ಹೇಳು ಅಕ್ಕಾ, ಗ್ಯಾಸ್ ಇಡ್ಲಿ ಬಾಯಿಗೆ ಇಡಕ್ ಆಗಲ್ಲ. ನಿಂದು ಒಲೆ ಇಡ್ಲಿ, ಅದ್ರ ರುಚಿನೇ ಬೇರೆ," ಎಂದಳು.

ಯಜಮಾನರು ಕೊಟ್ಟಿಗೆಯ ಕಡೆ ಮುಖ ತಿರುಗಿಸಿದರು. ನಗುವಿಗೆ ಅವರ ಭುಜ ಕುಲುಕುತ್ತಿತ್ತು. ಮೂವತ್ತು ವರ್ಷ ನಾನು ಉಸಿರು ಸುಟ್ಟುಕೊಂಡು ಬೇಯಿಸಿದ ರುಚಿ ಯಾರ ನಾಲಿಗೆಗೂ ಗೊತ್ತಿರಲಿಲ್ಲ. ಅರಿಶಿನದ ದಾರದ ಇನ್‌ಹೇಲರ್ ಸೊಂಟದಲ್ಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಸೆಲ್ವಿಗೆ ಇನ್ನೊಂದು ಇಡ್ಲಿ ಹಾಕಿದೆ.