ಅಂಗಡಿಯಲ್ಲೇ ಇದ್ದ ಅಪ್ಪ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಂಗೈಯಗಲದ ಒಂದು ಹಳದಿ ರಟ್ಟು. ವಿಶೇಷ ಶಾಲೆಯ ಟೀಚರು ಅದರ ಮೇಲೆ ದಪ್ಪಕ್ಷರದಲ್ಲಿ ಐದು ಸಾಲು ಬರೆದುಕೊಟ್ಟಿದ್ದರು. ಒಂದು, ಹನ್ನೊಂದನೇ ನಂಬರ್ ಬಸ್ಸು ಹತ್ತುವುದು. ಎರಡು, ಟಿಕೆಟ್ ತೆಗೆದುಕೊಳ್ಳುವುದು. ಮೂರು, ಎಂಟನೇ ಸ್ಟಾಪಿನಲ್ಲಿ ಇಳಿಯುವುದು. ನಾಲ್ಕು, ತೊಂದರೆಯಾದರೆ ಕಂಡಕ್ಟರ್‌ಗೆ ಗಟ್ಟಿಯಾಗಿ ಹೇಳುವುದು. ಐದು, ಒಬ್ಬಳೇ.

ಮೊದಲ ನಾಲ್ಕು ಸಾಲು ಕೀಲಿರಾಯರ ಗಂಟಲಲ್ಲಿ ಸಲೀಸಾಗಿ ಇಳಿದವು. ಐದನೆಯದು ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಬೀರುವಿನಷ್ಟಗಲದ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಬೀಗ ರಿಪೇರಿ ಮಾಡುತ್ತ, ಕಳೆದ ಕೀಲಿಕೈಗೆ ಜೋಡಿ ಕೀಲಿಕೈ ಕೆತ್ತಿಕೊಡುತ್ತ ಕೀಲಿರಾಯರಾಗಿಬಿಟ್ಟಿದ್ದರು. ಅವರು ತೆಗೆಯಲಾರದ ಬೀಗವಿಲ್ಲ, ಪಡಲಾರದ ಚಿಂತೆಯೂ ಇಲ್ಲ. ಚಿಂತೆಯೆಲ್ಲ ಮಗಳದು.

ಮಗಳಿಗೆ ಹದಿನೆಂಟು. ಅವಳ ತಲೆಗೆ ಒಂದು ವಿಷಯ ಹೋಗುವುದು ತಡ. ಮೊದಲ ಶಾಲೆಯವರು ಮೂರು ವರ್ಷ ಕಾದು ಕೈಚೆಲ್ಲಿದ್ದರು. ವಿಶೇಷ ಶಾಲೆಯಲ್ಲಿ ಅಕ್ಷರ ಕೂಡಿಬರುವ ಹೊತ್ತಿಗೆ ಅವಳಿಗೆ ಹತ್ತು ತುಂಬಿತ್ತು. ಆದರೆ ಒಮ್ಮೆ ಒಳಗೆ ಹೋದದ್ದು ಮತ್ತೆ ಹೊರಗೆ ಬರುತ್ತಿರಲಿಲ್ಲ. ಇನ್ನೊಂದು ಗುಣ, ಸುಳ್ಳು ಹೇಳುತ್ತಿರಲಿಲ್ಲ. ಕೇಳಿದರೆ ಇದ್ದದ್ದು ಇದ್ದಹಾಗೆ. ಹೀಗಾಗಿ ನೆರೆಹೊರೆಯ ಹೆಂಗಸರು ಅವಳ ಹತ್ತಿರ ತಮ್ಮ ವಯಸ್ಸು, ತಮ್ಮ ಹಾಡು, ತಮ್ಮ ಅಡುಗೆ ಹೇಗಿದೆ ಅಂತ ಕೇಳುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು.

ಹದಿನೆಂಟಕ್ಕೆ ಶಾಲೆ ಮುಗಿಯಿತು. ಊರಿನ ಆ ತುದಿಯ ಕಾಲೇಜಿನಲ್ಲಿ ಪುಸ್ತಕ ಬೈಂಡಿಂಗ್ ವಿಭಾಗವಿತ್ತು, ಅದರಲ್ಲಿ ಇಂಥ ಮಕ್ಕಳಿಗಾಗಿ ನಾಲ್ಕೇ ಸೀಟು. ಮಗಳಿಗೆ ಅದರದೇ ಧ್ಯಾನ. ವರ್ಷದಿಂದ ಮನೆಯ ಹಳೇ ಪತ್ರಿಕೆಗಳನ್ನೆಲ್ಲ ಹೊಲಿದು, ಅಂಟಿಸಿ, ರಟ್ಟು ಹಾಕಿ ಇಟ್ಟಿದ್ದಳು. ಇನ್ನೂ ಯಾರೂ ಓದದ ಆ ದಿನದ ಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಕಾಲೇಜಿನ ಪ್ರಿನ್ಸಿಪಾಲ್ ಮೇಡಂ ಒಂದೇ ಷರತ್ತು ಹಾಕಿದ್ದರು. "ಮನೆಯಿಂದ ಕಾಲೇಜಿಗೆ ಒಬ್ಬಳೇ ಬರಲಿ. ಮನೆಯವರು ಜೊತೆಗಿದ್ದದ್ದು ಗೊತ್ತಾದ್ರೆ, ಇನ್ನೂ ತಯಾರಿಲ್ಲ ಅಂತ ಲೆಕ್ಕ. ಮುಂದಿನ ವರ್ಷ ನೋಡೋಣ."

ಆ ದಿನ ಬಂತು. ರಾಯರ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಬೆಳಗಿನ ಪಾಳಿಗೆ ಹೊರಡುವ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತರು.

"ನೀವು ಅಂಗಡಿ ಬಿಟ್ಟು ಕದಲಕೂಡದು."

"ಕದಲಲ್ಲ ಮಾರಾಯ್ತಿ."

"ನಂಗಲ್ಲ, ಅವಳಿಗೆ ಹೇಳಿ."

ರಾಯರು ಮಗಳ ಕಡೆ ತಿರುಗಿದರು. "ಮರೀ, ಇವತ್ತು ಪೂರ್ತಿ ನಾನು ಅಂಗಡೀಲೇ ಇರ್ತೀನಿ. ಆಣೆಗೂ."

ಮಗಳು ಅವರ ಮುಖವನ್ನು ಒಂದು ಗಳಿಗೆ ನೋಡಿದಳು. "ಸರಿ. ಅಂಗಡೀಲೇ."

ಎಂಟೂವರೆಗೆ ಅವಳು ಆ ಹಳದಿ ರಟ್ಟಿನ ಚೀಟಿ ಹಿಡಿದು ಬೀದಿಗಿಳಿದಳು. ಎಂಟು ಮೂವತ್ತೊಂದಕ್ಕೆ ಪಕ್ಕದ ಅಂಗಡಿಯ ಇಸ್ತ್ರಿಯವನು ಬಾಯಿ ತೆಗೆದ.

"ಏನ್ ರಾಯರೇ, ಒಬ್ಬಳನ್ನೇ ಬಿಟ್ಟುಬಿಟ್ರಲ್ಲ! ನಿಮ್ಮದು ಕಲ್ಲು ಮನಸ್ಸು ಬಿಡಿ."

"ಅವಳಿಗೆ ಎಲ್ಲ ಹೇಳಿಕೊಟ್ಟಿದ್ದಾರೆ ಕಣಯ್ಯಾ."

"ಹೇಳಿಕೊಟ್ಟಿರ್ತಾರೆ, ಇಲ್ಲ ಅಂದೋರ್ಯಾರು? ಮೊನ್ನೆ ಅದೇ ಹನ್ನೊಂದನೇ ನಂಬರಲ್ಲಿ ಒಬ್ಬ ಅಜ್ಜ ನಿದ್ದೆ ಹೊಡೆದು ಡಿಪೋಗೇ ಹೋಗ್ಬಿಟ್ಟನಂತೆ. ಬಸ್ ತೊಳೆಯೋರು ಅವನನ್ನೂ ಸೇರಿಸಿ ತೊಳೆದರಂತೆ."

"ನನ್ನ ಮಗಳು ನಿದ್ದೆ ಮಾಡಲ್ಲ."

"ಮಾಡಲ್ಲ, ಒಪ್ಪಿದೆ. ಚೀಟಿ ಗಾಳಿಗೆ ಹಾರಿಹೋದ್ರೆ?"

ಕೀಲಿಕೈ ಉಜ್ಜುತ್ತಿದ್ದ ರಾಯರ ಕೈಯಲ್ಲಿನ ಅರ ನಿಂತಿತು. ಇಸ್ತ್ರಿಯವನು ಇದ್ದಿಲಿಗೆ ಗಾಳಿ ಹಾಕುವ ಹದದಲ್ಲೇ ಮಾತಿಗೂ ಗಾಳಿ ಹಾಕಿದ. "ಮನೆಯವರು ಕಂಡ್ರೆ ತಾನೆ ತಪ್ಪು? ಕಾಣದ ಹಾಗೆ ಹೋದ್ರೆ ಯಾರಪ್ಪಂದೇನು ಹೋಯ್ತು? ತಗೊಳ್ಳಿ ಈ ಕೋಟು. ಹನ್ನೊಂದಕ್ಕೆ ಗಿರಾಕಿಗೆ ಕೊಡ್ಬೇಕು, ಹತ್ತೂವರೆಗೆ ತಂದುಬಿಡಿ."

ಕೋಟಿನ ಯಜಮಾನ ಆನೆಯಂಥ ಆಳಿರಬೇಕು. ಅದರೊಳಗೆ ರಾಯರು ಹಂಡೆಯೊಳಗಿನ ಸೌಟಿನ ಹಾಗೆ ಅಲ್ಲಾಡುತ್ತಿದ್ದರು. ಮೇಲೊಂದು ಟೋಪಿ, ಕಪ್ಪು ಕನ್ನಡಕ. ಅಂಗಡಿಯ ಷಟರ್ ಅರ್ಧ ಎಳೆದು ಓಡಿದರು. ಬಸ್ಸು ಹೊರಡುವ ಹೊತ್ತಿಗೆ ಹಿಂಬಾಗಿಲಿಂದ ಹತ್ತಿ ಕೊನೆಯ ಸೀಟಿನಲ್ಲಿ ಮುದುಡಿ ಕೂತರು.

ಮಗಳು ಮುಂದೆ ಕೂತಿದ್ದಳು. ಟಿಕೆಟ್ ಕೇಳಿದಳು, ಚಿಲ್ಲರೆ ಎಣಿಸಿ ತೆಗೆದುಕೊಂಡಳು, ಟಿಕೆಟ್ಟನ್ನು ಜೇಬಿಗೆ ಹಾಕಿ ಜೇಬನ್ನು ಎರಡು ಸಲ ತಟ್ಟಿದಳು. ರಾಯರ ಎದೆ ಉಬ್ಬಿ ಕೋಟು ಸ್ವಲ್ಪ ತುಂಬಿತು.

ಆಗಲೇ ಅವರ ಕಣ್ಣಿಗೆ ಬಿದ್ದ, ಎರಡು ಸೀಟು ಮುಂದೆ ಕೂತಿದ್ದ ಒಬ್ಬ ಕನ್ನಡಕದವನು. ಅವನು ಮಗಳನ್ನೇ ನೋಡುತ್ತಿದ್ದ. ನೋಡಿ ಪುಟ್ಟ ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಅವಳು ಕಿಟಕಿಯಾಚೆ ನೋಡಿದಳು, ಗೀಚಿದ. ಮೂಗು ತುರಿಸಿಕೊಂಡಳು, ಅದನ್ನೂ ಗೀಚಿದ.

'ಎಲಾ ಇವನ!' ರಾಯರು ಒಂದು ಸೀಟು ಮುಂದಕ್ಕೆ ಸರಿದರು. ಉರಿಬಿಸಿಲಿನಲ್ಲಿ ಕೋಟು ಹಾಕಿದ ಒಬ್ಬ ಆಸಾಮಿ ಹುಡುಗಿಯನ್ನು ನುಂಗುವಂತೆ ನೋಡುತ್ತ ಮುಂದೆ ಬರುತ್ತಿರುವುದನ್ನು ಕಂಡು ಕನ್ನಡಕದವನೂ ಒಂದು ಸೀಟು ಮುಂದೆ ಹೋದ. ಇವರು ಸರಿದರೆ ಅವನೂ ಸರಿದ. ಮೂರನೇ ಸ್ಟಾಪು ದಾಟುವಷ್ಟರಲ್ಲಿ ಇಬ್ಬರೂ ಮಗಳ ಹಿಂದಿನ ಒಂದೇ ಸೀಟಿನಲ್ಲಿ, ಮದುವೆಯ ಫೋಟೋಕ್ಕೆ ಕೂತವರ ಹಾಗೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

"ಏನ್ರೀ ಅದು ಬರೀತಿರೋದು?" ರಾಯರು ಪಿಸುಗುಟ್ಟಿದರು.

"ನಿಮಗ್ಯಾಕ್ರೀ? ನೀವ್ಯಾಕೆ ಆ ಹುಡುಗೀನ ಹಾಗೆ ನೋಡ್ತಿದ್ದೀರಾ?"

"ನಾನು ನೋಡಬಹುದು!"

"ಏನಾಗಬೇಕು ಅವಳು ನಿಮಗೆ?"

ರಾಯರ ನಾಲಿಗೆ ತುದಿಗೆ ಬಂದದ್ದು ಅಲ್ಲೇ ಅಂಟಿಕೊಂಡಿತು. ಅಪ್ಪ ಅಂದರೆ ಕಾಲೇಜಿನ ಸೀಟು ಹೋಯಿತು. ಬದಲಿಗೆ ಅವನ ಪುಸ್ತಕಕ್ಕೆ ಕೈ ಹಾಕಿದರು. ಅವನು ಇವರ ಕಾಲರಿಗೆ ಕೈ ಹಾಕಿದ.

ಮಗಳು ಎದ್ದು ನಿಂತಳು. ಹಿಂದೆ ತಿರುಗಿ ಇಬ್ಬರನ್ನೂ ನೋಡಿದಳು. ಚೀಟಿ ನೋಡಿದಳು, ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. "ಕಂಡಕ್ಟರ್ ಮೇಡಂ! ಇವರಿಬ್ಬರು ನನ್ನನ್ನೇ ನೋಡ್ತಿದ್ದಾರೆ. ಮೊದಲನೇ ಸ್ಟಾಪಿಂದ. ನಂಗೆ ತೊಂದರೆ ಆಗ್ತಿದೆ."

ಕಂಡಕ್ಟರಮ್ಮ ಸೀಟಿ ಊದಿದ ರಭಸಕ್ಕೆ ಡ್ರೈವರು ಬ್ರೇಕಿನ ಮೇಲೆ ನಿಂತೇಬಿಟ್ಟ. "ಇವರು ನಿಂಗೆ ಗೊತ್ತಾ ಮಗಳೇ? ಮನೆಯೋರಾ?"

ಮಗಳು ರಾಯರನ್ನು ನೋಡಿದಳು. ರಾಯರು ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡರು.

"ನಾನು ಒಬ್ಬಳೇ ಬಂದಿದ್ದೀನಿ. ನಮ್ಮಪ್ಪ ಇವತ್ತು ಪೂರ್ತಿ ಅಂಗಡೀಲೇ ಇರ್ತೀನಿ ಅಂತ ಆಣೆ ಮಾಡಿದ್ದಾರೆ."

ರಾಯರಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವಕ್ಕೆ ಮರುಗಳಿಗೆಯೇ ಸಂಕಟ. ಒಂದು ಕೋಟು ಹಾಕಿದ್ದಕ್ಕೆ ಹೆತ್ತ ಅಪ್ಪನ ಗುರುತೂ ಸಿಗಲಿಲ್ಲವೇ ಈ ಮಗುವಿಗೆ?

ಸಂಕಟಪಡಲು ಪುರುಸೊತ್ತು ಸಿಗಲಿಲ್ಲ. ಪಕ್ಕದ ಸಾಲಿನಿಂದ ಒಬ್ಬ ದಪ್ಪ ಹೆಂಗಸು ಎದ್ದರು. "ಅಯ್ಯೋ, ಇದು ನಮ್ಮೆಜಮಾನ್ರ ಕೋಟು! ನೋಡ್ರಿ ಮೂರನೇ ಗುಂಡಿ, ನಾನೇ ನೀಲಿ ದಾರದಲ್ಲಿ ಹಾಕಿದ್ದು!"

ಜನ ಮುಗಿಬಿದ್ದರು. ಯಾರೋ ರಾಯರ ಷರಟಿನ ಜೇಬಿಗೆ ಕೈ ಹಾಕಿದರು. ಹೊರಗೆ ಬಂದದ್ದು ಇಪ್ಪತ್ತಾರು ಕೀಲಿಕೈಗಳ ಗೊಂಚಲು, ಒಂದು ಅರ, ಬಾಗಿದ ಎರಡು ತಂತಿ. ಬಸ್ಸು ಒಂದು ಕ್ಷಣ ಉಸಿರು ಬಿಡಲಿಲ್ಲ. ಆಮೇಲೆ ಬಿಟ್ಟದ್ದು ಉಸಿರೊಂದನ್ನೇ ಅಲ್ಲ, ಏಟನ್ನೂ.

ನಾಲ್ಕನೇ ಸ್ಟಾಪಿನ ಪೊಲೀಸ್ ಚೌಕಿಯ ಮುಂದೆ ಇಬ್ಬರನ್ನೂ ಇಳಿಸಿದರು. ಕೋಟಿನ ಹೆಂಗಸು ಜೊತೆಗೇ ಇಳಿದರು. ಬಸ್ಸು ಹೊರಟಿತು. ಮಗಳು ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ, ಸ್ಟಾಪು ಎಣಿಸುತ್ತಿದ್ದಳು.

ಪೊಲೀಸಪ್ಪ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ. "ಯಾಕ್ರಯ್ಯಾ ಆ ಮಗುವಿನ ಹಿಂದೆ ಬಿದ್ದಿದ್ರಿ?"

ರಾಯರು ಸೂರು ನೋಡಿದರು. ಕನ್ನಡಕದವನು ನೆಲ ನೋಡಿದ.

"ಇಬ್ಬರ ಬಾಯಿಗೂ ಬೀಗವಾ?"

ಬೀಗ ಎಂದೊಡನೆ ರಾಯರಿಗೆ ಸ್ವಲ್ಪ ಧೈರ್ಯ ಬಂತು. "ನಾನು ಬೀಗದ ಅಂಗಡಿಯವನು ಸಾರ್. ಕೋಟು ಇಸ್ತ್ರಿಯವನು ಕೊಟ್ಟದ್ದು. ಬೇಕಾದ್ರೆ ಫೋನ್ ಮಾಡಿ ಕೇಳಿ."

ಪೊಲೀಸಪ್ಪ ಫೋನು ಮಾಡಿದ. "ಕೋಟಾ? ಯಾವ ಕೋಟು ಸ್ವಾಮೀ?" ಎಂದಿತು ಆ ಕಡೆಯ ದನಿ. "ಇವತ್ತು ನಾನು ಅಂಗಡೀನೇ ತೆಗೆದಿಲ್ಲ. ಜ್ವರ."

"ನಿಜವಾಗ್ಲೂ ಬೀಗದವನಾದ್ರೆ ಇದನ್ನ ತೆಗಿ ನೋಡೋಣ," ಎಂದು ಪೊಲೀಸಪ್ಪ ಮೂಲೆಯ ಕಬ್ಬಿಣದ ಬೀರು ತೋರಿಸಿದ. ಅದರ ಕೀಲಿಕೈ ಕಳೆದು ಆರು ತಿಂಗಳಾಗಿತ್ತು. ರಾಯರು ಕಿವಿಯಿಟ್ಟು, ತಂತಿ ತೂರಿಸಿ, ಎರಡು ಸಲ ಕೆಮ್ಮುವಷ್ಟರಲ್ಲಿ ತೆಗೆದರು.

ಪೊಲೀಸಪ್ಪನ ಹುಬ್ಬು ಮೇಲೇರಿತು. "ಇಷ್ಟು ಸಲೀಸಾಗಿ ತೆಗೆದೆ ಅಂದ್ರೆ ನೀನು ಕಳ್ಳನೇ!"

ಪುಣ್ಯಕ್ಕೆ ಬೀರುವಿನೊಳಗೆ ಅವನ ಕೊಡೆ ಇತ್ತು. ಅದನ್ನು ನೆರೆಮನೆಯವನು ಕದ್ದಿದ್ದಾನೆಂದು ಅವನು ಆರು ತಿಂಗಳಿಂದ ನೆರೆಮನೆಯವನ ಜೊತೆ ಮಾತು ಬಿಟ್ಟಿದ್ದ. ಕೊಡೆ ಬಿಚ್ಚಿ ಮುಚ್ಚಿ ಮೆತ್ತಗಾದ. ಅಷ್ಟರಲ್ಲಿ ಹೆಂಗಸು ಕೋಟಿನ ಮಡಿಕೆಗಳನ್ನು ಪರೀಕ್ಷಿಸಿ, "ಇಸ್ತ್ರಿ ಅಂತೂ ಚೆನ್ನಾಗಿ ಆಗಿದೆ, ಹೋಗ್ಲಿ ಬಿಡಿ," ಎಂದು ಕೋಟು ಹೊತ್ತು ಹೋದರು. ದೂರು ಕೊಡುವವರು ಯಾರೂ ಉಳಿಯಲಿಲ್ಲ. ಇಬ್ಬರಿಗೂ ಅರ್ಧ ಗಂಟೆ ಬುದ್ಧಿ ಹೇಳಿ ಪೊಲೀಸಪ್ಪ ಬಿಟ್ಟುಬಿಟ್ಟ. ಕನ್ನಡಕದವನು ಬಿಟ್ಟ ಬಾಣದಂತೆ ಆಟೋ ಹತ್ತಿ ಮಾಯವಾದ.

ಎರಡು ಗಂಟೆಗೆ ಕಾಲೇಜಿನಿಂದ ಫೋನು. "ಹುಡುಗಿಯ ತಂದೆ ಮೂರು ಗಂಟೆಗೆ ಬರಬೇಕು. ನಿರ್ಧಾರ ಹೇಳ್ತೀವಿ."

ರಾಯರು ತಲೆ ಬಾಚಿ, ಒಗೆದ ಷರಟು ಹಾಕಿಕೊಂಡು ಪ್ರಿನ್ಸಿಪಾಲ್ ಮೇಡಂ ಕೋಣೆಯ ಬಾಗಿಲು ತಳ್ಳಿದರು. ಮಗಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಅವಳೇ ಅವತ್ತು ಹೊಲಿದ ಹೊಸ ನೋಟ್‌ಬುಕ್ಕು. ಮೂಲೆಯ ಮೇಜಿನ ಹಿಂದೆ ಕೂತಿದ್ದವನು ಕನ್ನಡಕದವನು.

"ಬನ್ನಿ, ಇವರು ನಮ್ಮ ಮೇಷ್ಟ್ರು," ಎಂದರು ಮೇಡಂ. "ಮಕ್ಕಳು ಒಬ್ಬರೇ ಬರುವಾಗ ಗೊತ್ತಾಗದ ಹಾಗೆ ಹಿಂದೇ ಬಂದು ವರದಿ ಬರೀತಾರೆ. ಹತ್ತು ವರ್ಷದಲ್ಲಿ ಒಂದು ಸಲವೂ ಯಾರ ಕಣ್ಣಿಗೂ ಬಿದ್ದವರಲ್ಲ. ಓದಿ ಮೇಷ್ಟ್ರೇ."

ಮೇಷ್ಟ್ರು ರಾಯರನ್ನು ನೋಡಿದರು. ರಾಯರು ಮೇಷ್ಟ್ರನ್ನು ನೋಡಿದರು. ಇಬ್ಬರ ಮುಖವೂ ನೆನೆದ ರಟ್ಟಿನ ಬಣ್ಣಕ್ಕೆ ತಿರುಗಿತು.

"ಎಂಟನೇ ಸ್ಟಾಪಿನಲ್ಲಿ... ಸರಿಯಾಗಿ ಇಳಿದಳು," ಮೇಷ್ಟ್ರು ಓದಿದರು. "ರಸ್ತೆ ದಾಟುವಾಗ ಎರಡೂ ಕಡೆ ನೋಡಿದಳು."

ಆ ಹೊತ್ತಿನಲ್ಲಿ ಈ ಮಹಾನುಭಾವರು ನಾಲ್ಕನೇ ಸ್ಟಾಪಿನ ಬೆಂಚಿನ ಮೇಲೆ ತಮ್ಮ ಪಕ್ಕದಲ್ಲೇ ಬೆವರುತ್ತಿದ್ದದ್ದು ರಾಯರಿಗೆ ಗೊತ್ತು. ರಾಯರಿಗೆ ಗೊತ್ತೆಂಬುದು ಮೇಷ್ಟ್ರಿಗೂ ಗೊತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಂದವಾಯಿತು.

"ಮನೆಯವರು ಯಾರಾದ್ರೂ ಇದ್ರಾ?" ಮೇಡಂ ಕೇಳಿದರು.

"ಛೆ ಛೆ. ಯಾರೂ ಇಲ್ಲ ಮೇಡಂ."

"ದಾರೀಲಿ ಏನಾದ್ರೂ ಆಯ್ತೇನಮ್ಮಾ?" ಮೇಡಂ ಮಗಳ ಕಡೆ ತಿರುಗಿದರು. ಇಬ್ಬರು ಗಂಡಸರೂ ಕುರ್ಚಿಯ ಕೈ ಹಿಡಿದುಕೊಂಡರು.

"ಇಬ್ಬರು ನನ್ನನ್ನೇ ನೋಡ್ತಿದ್ರು. ಒಬ್ಬರಿಗೆ ಕನ್ನಡಕ, ಒಬ್ಬರಿಗೆ ದೊಡ್ಡ ಕೋಟು. ಕಂಡಕ್ಟರ್‌ಗೆ ಹೇಳಿದೆ. ಇಳಿಸಿದ್ರು."

"ಮೇಷ್ಟ್ರೇ, ಇದು ವರದೀಲಿ ಇಲ್ವಲ್ಲ!"

"ಅದು... ಇಳಿಸಿದ್ದನ್ನ ನಾನು ತೀರಾ ಹತ್ತಿರದಿಂದ ನೋಡಿದೆ ಮೇಡಂ. ಬರೆಯೋಕೆ ಕೈ ಬಿಡುವಿರಲಿಲ್ಲ."

"ಶಭಾಷ್!" ಮೇಡಂ ಮೇಜು ತಟ್ಟಿದರು. "ಎಷ್ಟು ಧೈರ್ಯ! ಸೋಮವಾರದಿಂದ ಬಾಮ್ಮಾ, ಸೀಟು ನಿಂದೇ."

ಹೊರಗಿನ ಬಸ್ ಸ್ಟಾಪಿಗೆ ಬರುವವರೆಗೂ ರಾಯರ ಕಾಲು ನೆಲಕ್ಕೆ ತಾಗಲಿಲ್ಲ. ಸೀಟೂ ಸಿಕ್ಕಿತು, ಮಾನವೂ ಉಳಿಯಿತು. ಆದರೂ ಒಳಗೊಂದು ಚುಚ್ಚು. ಮೆಲ್ಲಗೆ ಕೆದಕಿದರು.

"ಮರೀ, ಆ ಕೋಟಿನವನು ನೋಡೋಕೆ ಹೇಗಿದ್ದ?"

"ನಿನ್ನ ಹಾಗೆ. ನೀನೇ ಅಲ್ವಾ."

ರಾಯರು ನಿಂತಲ್ಲೇ ನಿಂತರು. "ಗೊ... ಗೊತ್ತಿತ್ತಾ ನಿಂಗೆ?"

"ಹತ್ತುವಾಗಲೇ ಗೊತ್ತಾಯ್ತು. ಮೇಷ್ಟ್ರೂ ಗೊತ್ತಿದ್ರು. ಹೋದ ತಿಂಗಳು ನಮ್ಮ ಶಾಲೆಗೆ ಬಂದಿದ್ರು."

"ಮತ್ತೆ ಅವರನ್ಯಾಕೆ ಇಳಿಸಿದೆ?"

"ಅವರು ಬರೀತಿದ್ರು. ನೀನು ಅವರ ಪುಸ್ತಕದೊಳಗೆ ಬಂದ್ಬಿಡ್ತಿದ್ದೆ." ಅವಳು ಚೀಟಿ ತೆಗೆದು ಐದನೇ ಸಾಲು ತೋರಿಸಿದಳು. "ಒಬ್ಬಳೇ ಅಂತ ಇದೆ. ನೀವಿಬ್ಬರೂ ಇಳಿದ ಮೇಲೇ ನಾನು ಒಬ್ಬಳೇ ಆದೆ."

ರಾಯರ ಬಾಯಿ ಅರ್ಧ ಎಳೆದ ಷಟರಿನ ಹಾಗೆ ನಿಂತಿತು. "ಅಂದ್ರೆ ನೀನು... ಸುಳ್ಳು ಹೇಳಿದ್ಯಾ ಮರೀ?"

"ಇಲ್ಲಪ್ಪ. ಅಂಗಡೀಲೇ ಇರ್ತೀನಿ ಅಂತ ನೀನು ಆಣೆ ಮಾಡಿದ್ದು ನಿಜ ತಾನೆ? ನಾನು ಅದನ್ನೇ ಹೇಳಿದೆ. ಸುಳ್ಳು ಹೇಳಿದ್ದು ನೀನು."

ಹನ್ನೊಂದನೇ ನಂಬರ್ ಬಂತು. ರಾಯರು ಅವಳ ಹಿಂದೆ ಕಾಲಿಡಲು ಹೋದರು. ಅವಳು ಮೆಟ್ಟಿಲ ಮೇಲೆ ನಿಂತು ಅಂಗೈ ಅಡ್ಡ ಹಿಡಿದಳು. "ನೀನು ಮುಂದಿನ ಬಸ್ಸಿಗೆ ಬಾ."

"ಆಯ್ತು ಕಂದಾ, ಆಯ್ತು," ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಂದೇ ಒಂದು ಮಾತು. ಇದೆಲ್ಲ ನಿಮ್ಮಮ್ಮನಿಗೆ ಗೊತ್ತಾಗೋದು ಬೇಡ. ಸುಳ್ಳು ಹೇಳು ಅನ್ನಲ್ಲ. ಅವಳು ಕೇಳದೆ ಇದ್ರೆ ನೀನಾಗೇ ಹೇಳ್ಬೇಡ. ಅಷ್ಟೇ."

ಮಗಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು.

"ಕೇಳಿದ್ರಲ್ಲ," ಎಂದಳು. "ಊಟದ ಹೊತ್ತಿಗೆ ಅಮ್ಮ ಕಾಲೇಜಿಗೆ ಫೋನ್ ಮಾಡಿದ್ರು. ಅಪ್ಪ ಅಂಗಡೀಲೇ ಇದ್ರಾ ಅಂತ ಅದನ್ನೇ ಮೊದಲು ಕೇಳಿದ್ರು. ಹೇಳಿದೆ. ಕೋಟೂ ಹೇಳಿದೆ."

ಬಸ್ಸು ಹೊರಟಿತು. ಕಿಟಕಿಯಲ್ಲಿ ಮಗಳು ಟಿಕೆಟ್ಟನ್ನು ಜೇಬಿಗೆ ಹಾಕಿ ಎರಡು ಸಲ ತಟ್ಟುವುದು ಕಂಡಿತು. ರಾಯರ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದರು. ನೋಡಿ, ಮೆತ್ತಗೆ ಮತ್ತೆ ಜೇಬಿಗೆ ಹಾಕಿದರು.

ಆಮೇಲೆ ಹನ್ನೊಂದನೇ ನಂಬರ್ ಬಸ್ಸುಗಳು ಒಂದರ ಹಿಂದೊಂದು ಮೂರು ಬಂದವು. ಮೂರೂ ಖಾಲಿ. ರಾಯರು ಮೂರನ್ನೂ ಹೋಗಲು ಬಿಟ್ಟರು.