ಬೀಗರಾಗುವವರಿಗೆ ತೆಗೆಯದ ಟಿಕೆಟ್

ಬಸ್ಸಿನಲ್ಲಿ ದುಡ್ಡು ಕೊಡುವುದು ನನಗೆ ಹೊಸದಲ್ಲ. ಸೋಮವಾರಪೇಟೆಯಿಂದ ಕುಶಾಲನಗರಕ್ಕೆ ಎಷ್ಟು ಸಲ ಹೋಗಿ ಬಂದಿಲ್ಲ! ಹಾಗಾಗಿ ತಂಗಿ ಶಾಂತಳಿಗೆ ಗಂಡು ನೋಡಲು ಬೆಂಗಳೂರಿಗೆ ಹೊರಟಾಗ, ಗಂಡಿನ ವಿಷಯದಲ್ಲಿ ಇಲ್ಲದ ಧೈರ್ಯ ಬಸ್ಸಿನ ವಿಷಯದಲ್ಲಿ ಇತ್ತು.

ಹುಡುಗ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಿಂದೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗಿದ್ದವು. ಇದಕ್ಕೆ ಮಾತ್ರ ಶಾಂತ ತಾನಾಗಿಯೇ "ಆಗ್ಲಿ" ಎಂದಿದ್ದಳು. ಹುಡುಗನ ದೊಡ್ಡಪ್ಪ ಬಸಪ್ಪನವರು ಕೊಡ್ಲಿಪೇಟೆಯವರು. ತಾವೇ ಜೊತೆಗೆ ಬಂದು ಹುಡುಗನನ್ನು ತೋರಿಸುವುದಾಗಿ ಹೇಳಿದರು.

ಹೊರಡುವಾಗ ನನ್ನ ಹೆಂಡತಿ ಗಿರಿಜೆ ಹೇಳಿದಳು, "ಅವ್ರ ಕೈಲಿ ಒಂದು ಕಾಸೂ ಖರ್ಚು ಮಾಡಿಸ್ಬೇಡಿ. ಆಮೇಲೆ ಜನ್ಮವಿಡೀ ಆಡ್ಕೊಳ್ತಾರೆ."

ನಮ್ಮ ಕಡೆಯ ಬಸ್ಸಿನ ಪದ್ಧತಿಯನ್ನು ಇಲ್ಲಿ ಹೇಳಬೇಕು. ಪರಿಚಯದವರಿಬ್ಬರು ಒಂದೇ ಬಸ್ಸು ಹತ್ತಿದರೆ ಇಬ್ಬರೂ ದುಡ್ಡು ತೆಗೆಯಬೇಕು. ಒಬ್ಬರು ಇನ್ನೊಬ್ಬರ ಕೈ ಹಿಡಿದು ತಡೆಯಬೇಕು. ತಡೆಯದೆ ಸುಮ್ಮನೆ ಕುಳಿತವನು ಜಿಪುಣ. ಕಂಡಕ್ಟರ್ ಈ ಮರ್ಯಾದೆ ಮುಗಿಯಲಿ ಎಂದು ಫುಟ್‌ಬೋರ್ಡಿನಲ್ಲಿ ನಿಂತು ಬೀಡಿ ಸೇದುತ್ತಾನೆ. ಇಳಿಯುವ ಹೊತ್ತಿಗೆ ಯಾರೋ ಒಬ್ಬರು ಸೋಲುತ್ತಾರೆ, ಇನ್ನೊಬ್ಬರು ಕೊಡುತ್ತಾರೆ. ಇದರಿಂದ ಯಾವ ಬಸ್ಸಿನ ಮಾಲೀಕನೂ ಹಾಳಾಗಿಲ್ಲ.

ಬೆಂಗಳೂರಿನ ರೈಲ್ವೆ ಸ್ಟೇಷನ್ನಿನ ಎದುರು ಮಲ್ಲೇಶ್ವರದ ಬಸ್ಸು ಹತ್ತಿದೆವು. ಕಂಡಕ್ಟರ್ ಬಂದ. ನಾನು ರೂಪಾಯಿ ನೋಟು ತೆಗೆದೆ. ಬಸಪ್ಪನವರೂ ಒಂದು ನೋಟು ಚಾಚಿ, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದರು.

"ಛೇ ಛೇ, ನಮ್ಮ ಹುಡುಗನ್ನ ನೋಡಕ್ಕೆ ಬಂದಿರೋರು ನೀವು. ನಾನಿದ್ದು ನಿಮ್ಮ ಕೈಲಿ ಕೊಡ್ಸೋದಾ?"

"ಉಂಟಾ ಬಸಪ್ಪನವ್ರೇ? ಹೆಣ್ಣಿನ ಕಡೆಯೋರು ನಾವು." ನಾನು ಅವರ ಮಣಿಕಟ್ಟು ಹಿಡಿದೆ.

ಬಸ್ಸು ತಿರುವಿನಲ್ಲಿ ವಾಲಿತು. ಇಬ್ಬರ ಕೈಯೂ ಇನ್ನೊಬ್ಬರ ವಶದಲ್ಲಿದ್ದುದರಿಂದ ಕಂಬಿ ಹಿಡಿಯಲು ಯಾರಿಗೂ ಕೈ ಇರಲಿಲ್ಲ. ಒಬ್ಬ ಹೆಂಗಸಿನ ತರಕಾರಿ ಬುಟ್ಟಿಯ ಮೇಲೆ ಜೊತೆಯಾಗಿ ಬಿದ್ದೆವು. ಬಿದ್ದರೂ ಬಿಡಲಿಲ್ಲ.

"ಮೊದ್ಲು ತೀರ್ಮಾನ ಮಾಡ್ಕೊಳ್ರೀ," ಎಂದು ಕಂಡಕ್ಟರ್ ಮುಂದಕ್ಕೆ ಹೋದ.

ಎಂಥಾ ಸಂಭಾವಿತ, ನಮ್ಮ ಕಡೆಯವನ ಹಾಗೆಯೇ ಎಂದುಕೊಂಡೆ. ಅವನು ಮತ್ತೆ ಬರಲಿಲ್ಲ. ಇಳಿಯಬೇಕಾದ ಸ್ಟಾಪಿನಲ್ಲಿ ಖಾಕಿ ಕೋಟಿನ ಚೆಕ್ಕಿಂಗ್‌ನವರು ಬಂದರು.

"ಟಿಕೆಟ್?"

ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕಂಡಕ್ಟರನನ್ನು ಕರೆದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. "ಕೇಳ್ದೆ ಸಾರ್. ಇಬ್ರೂ ಕೈ ಕೈ ಹಿಡ್ಕೊಂಡು ನಿಂತಿದ್ರು."

"ಯಾವ ಊರ್ರೀ ನಿಮ್ದು?"

"ಸೋಮವಾರಪೇಟೆ. ಕೊಡಗು ರಾಜ್ಯ." ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ.

"ನಿಮ್ಮ ರಾಜ್ಯದಲ್ಲಿ ಬಸ್ಸಿಗೆ ದುಡ್ಡು ಕೊಡಲ್ವಾ?"

"ಕೊಡ್ತೀವಿ ಸ್ವಾಮಿ. ಜಗಳ ಮುಗಿದ್ಮೇಲೆ ಕೊಡ್ತೀವಿ."

ಅವರು ನಮ್ಮನ್ನು ಕೆಳಗಿಳಿಸಿ ಇಬ್ಬರಿಗೂ ದಂಡ ಹೇಳಿದರು. ನಾನು ಬಸಪ್ಪನವರ ಕಡೆ ನೋಡಿದೆ. ಅಷ್ಟು ಹೊತ್ತು ಎದುರಿಗೆ ಚಾಚಿದ್ದ ನೋಟನ್ನು ಅವರು ನಾಲ್ಕು ಮಡಿಕೆ ಮಾಡಿ, ಕೋಟಿನ ಒಳಜೇಬಿಗೆ ಇಟ್ಟು, ಗುಂಡಿ ಹಾಕಿದರು.

"ನೀವು ಅಷ್ಟು ಪಟ್ಟು ಹಿಡಿದ್ಮೇಲೆ ನಾನು ಅಡ್ಡ ಬರೋದು ಚೆನ್ನಾಗಿರಲ್ಲ," ಎಂದರು.

ಎರಡು ದಂಡವನ್ನೂ ನಾನೇ ಕಟ್ಟಿದೆ. ಯಾರೂ ನನ್ನ ಕೈ ಹಿಡಿಯಲಿಲ್ಲ.

ರಸೀದಿ ಮಡಿಸುತ್ತಿರುವಾಗ ಗೊತ್ತಾಯಿತು, ಹುಡುಗ ನಮಗಾಗಿ ಅದೇ ಸ್ಟಾಪಿನಲ್ಲಿ ಕಾಯುತ್ತಿದ್ದ. ಎಲ್ಲವನ್ನೂ ನೋಡಿದ್ದ.

"ಏನಾಯ್ತು ದೊಡ್ಡಪ್ಪ?"

"ಏನಿಲ್ಲಪ್ಪ. ಇವ್ರು ಟಿಕೆಟ್ ತಗೊಂಡಿರ್ಲಿಲ್ಲ."

ಇವ್ರು. ಅದನ್ನು ಸರಿಪಡಿಸಬೇಕೆಂದು ನಾನು ದೊಡ್ಡ ದನಿಯಲ್ಲಿ, "ನಾವೇನು ಕಳ್ಳರಲ್ಲಪ್ಪ, ಮನೆ ಮಠ ಇರೋರು," ಎಂದೆ. ಅಲ್ಲಿಯ ತನಕ ವಿಷಯ ಚೆಕ್ಕಿಂಗ್‌ನವರಿಗೆ ಮಾತ್ರ ಗೊತ್ತಿತ್ತು. ಈಗ ಹೂವಿನವರು, ಜಟಕಾದವರು, ಎದುರು ಮಹಡಿಯ ಹೆಂಗಸರು ಎಲ್ಲರೂ ತಿರುಗಿ ನೋಡಿದರು. ಹುಡುಗ ಮೆಲ್ಲಗೆ, "ಇಲ್ಲಿ ಬೇಡ. ನಮ್ಮ ಆಫೀಸಿನೋರು ಓಡಾಡೋ ಜಾಗ," ಎಂದ.

ಹೋಟೆಲಿಗೆ ಹೋದೆವು. ಇಡ್ಲಿ, ಕಾಫಿ ಬಂತು. ಮಾತು ಬರಲಿಲ್ಲ. ಬಿಲ್ಲು ಬಂದಾಗ ಬಸಪ್ಪನವರು ಜೇಬಿಗೆ ಕೈ ಹಾಕಿದರು. ನನ್ನ ಕೈಯೂ ಅಭ್ಯಾಸದಿಂದ ಮೇಲೆದ್ದಿತು. ಪಟ್ಟಣದ ಪಾಠ ಕಲಿತಾಗಿದೆ, ಇನ್ನು ಮೇಲೆ ಯಾರ ಕೈಯನ್ನೂ ಹಿಡಿಯಬಾರದು ಎಂದು ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವರು ನನ್ನ ಮುಖ ನೋಡಿದರು. ಕಾದರು. ಇನ್ನೂ ಸ್ವಲ್ಪ ಕಾದರು. ಆಮೇಲೆ ಬಿಲ್ಲಿನ ದುಡ್ಡು ತಾವೇ ಕೊಟ್ಟರು.

ಊರಿಗೆ ಬಂದ ವಾರದೊಳಗೆ, ಮಾತು ತಂದಿದ್ದ ನೆಂಟರ ಮೂಲಕ ಉತ್ತರ ಬಂತು. ಬೇಡವಂತೆ. ಹುಡುಗಿಯ ಅಣ್ಣ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದನಂತೆ, ಗಂಡಿನ ಕಡೆಯವರ ದುಡ್ಡಿನಲ್ಲಿ ಕಾಫಿ ಕುಡಿದನಂತೆ. ಎರಡೂ ನಿಜ. ಇಲ್ಲ ಎನ್ನಲು ಬರುವ ಹಾಗಿರಲಿಲ್ಲ.

"ಬಸ್ಸಿನ ವಿಷ್ಯ ಹಾಳಾಗ್ಲಿ," ಎಂದಳು ಗಿರಿಜೆ. "ಕಾಫಿ ಬೆಳೆಯೋ ಮನೆಯೋರು ಇನ್ನೊಬ್ರ ದುಡ್ಡಲ್ಲಿ ಕಾಫಿ ಕುಡಿದು ಬಂದ್ರಲ್ಲ, ನಾನು ಯಾರಿಗೆ ಮುಖ ತೋರಿಸ್ಲಿ?"

ಶಾಂತ ಕಣದಲ್ಲಿ ಏಲಕ್ಕಿ ಆರಿಸುತ್ತಿದ್ದಳು. ಸಮಾಧಾನ ಹೇಳೋಣವೆಂದು ಹೋದೆ. ಅವಳು ತಲೆ ಎತ್ತಲಿಲ್ಲ.

"ಹೋಗ್ಲಿ ಬಿಡಣ್ಣ. ನೋಡಕ್ಕೆ ಹೆಂಗಿದ್ದ?"

ನಾನು ಯೋಚಿಸಿದೆ. ಬೀಡಿ ಸೇದಿ ಕಪ್ಪಾದ ಕಂಡಕ್ಟರನ ತುಟಿ ನೆನಪಾಯಿತು. ಚೆಕ್ಕಿಂಗ್‌ನವರ ಖಾಕಿ ಕೋಟಿನ ಹರಿದ ಕಿಸೆ ನೆನಪಾಯಿತು. ತರಕಾರಿ ಬುಟ್ಟಿಯವಳು ಬೈದ ಮಾತೂ ನೆನಪಾಯಿತು. ಹುಡುಗನ ಮುಖ ಮಾತ್ರ ನೆನಪಿಗೆ ಬರಲಿಲ್ಲ.

"ಬೂಟ್ಸು ಚೆನ್ನಾಗಿತ್ತು," ಎಂದೆ.

ಸ್ಟಾಪಿನಿಂದ ಹೋಟೆಲಿನ ತನಕ, ಹೋಟೆಲಿನಿಂದ ವಾಪಸ್ಸು ಸ್ಟೇಷನ್ನಿನ ತನಕ, ನಾನು ನೋಡಿದ್ದು ಅಷ್ಟೇ.