ಎರಡನೇ ಸಾಲಿನ ಆರು ಸೀಟು

ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುವುದಿದ್ದಾಗ ಮನೆ ಮಾಲೀಕರೇ ಗೇಟಿನ ಬಳಿ ನಿಲ್ಲಿಸಿ ಒಂದು ಉಪಕಾರ ಕೇಳಿದರೆ ಯಾವ ಬಾಡಿಗೆದಾರ ತಾನೇ ಆಗುವುದಿಲ್ಲ ಎಂದಾನು? ಹುಳಿಮಾವಿನ ಬೈರಣ್ಣನ ಮಹಡಿ ಮನೆಯಲ್ಲಿದ್ದ ಅನಂತಪದ್ಮನಾಭನಿಗೂ ಆ ಧೈರ್ಯ ಬರಲಿಲ್ಲ.

"ಸ್ವಾಮಿ, ಜೆ.ಪಿ. ನಗರದ ಥಿಯೇಟ್ರಲ್ಲಿ ಪ್ರತಿ ಶನಿವಾರ ಬ್ಯಾಂಡ್ ಪ್ರೋಗ್ರಾಂ ನಡೀತೈತಲ್ಲ, ಇವತ್ತು ನಮ್ ಮಗ ಮನು ಡ್ರಮ್ಸ್ ಬಾರಿಸ್ತಾನೆ. ಸೀಟಿಗೆ ನಂಬರ್ ಇಲ್ವಂತೆ, ಮೊದ್ಲು ಹೋದೋರಿಗೆ ಮೊದ್ಲು. ನೀವು ಬೇಗ ಹೋಗಿ ಮುಂದ್ಗಡೆ ಆರು ಸೀಟು ಹಿಡೀರಿ. ನಮ್ಮನೇವ್ರು ಮೂರು ಜನ, ಬೇಕಾದೋರು ಮೂರು ಜನ. ಯಾರ್ ಬಂದ್ರೂ ಬಿಟ್ಕೊಡ್ಬೇಡಿ."

"ಆಗ್ಲಿ ಬೈರಣ್ಣನೋರೇ. ಆಮೇಲೆ, ಆ ಅಗ್ರಿಮೆಂಟು..."

"ಪ್ರೋಗ್ರಾಂ ಮುಗೀಲಿ, ಮಾತಾಡಾಣ."

ವಿಷಯ ಕೇಳಿದ ಹೆಂಡತಿ ಸಮನ್ವಿತಾ ಗಂಡನಿಗಿಂತ ಹೆಚ್ಚು ಗಂಭೀರಳಾದಳು. "ಮಗಳ ಸ್ಕೂಲು ಎದುರಿಗೇ ಇದೆ. ಈ ಬಾಡಿಗೆಗೆ ಇಂಥ ಮನೆ ಎಲ್ಲೂ ಸಿಗಲ್ಲ. ಸೀಟು ಹೋದ್ರೆ ಮನೆ ಹೋದ ಹಾಗೆ, ನೆನಪಿರ್ಲಿ" ಎಂದವಳೇ ಎರಡು ಟವೆಲ್, ಒಂದು ಕೊಡೆ, ತನ್ನ ಹಳೆಯ ದುಪಟ್ಟಾ, ನೀರಿನ ಬಾಟಲಿ, ಖಾಲಿ ಟಿಫಿನ್ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟಳು.

ಥಿಯೇಟರಿನ ಬಾಗಿಲು ತೆರೆದದ್ದೇ ಅನಂತಪದ್ಮನಾಭ ಬಸ್ಸು ತಪ್ಪಿಹೋಗುವವನಂತೆ ಓಡಿದ. ಮೊದಲ ಸಾಲು ಗಣ್ಯರಿಗಂತೆ. ಎರಡನೆಯದರಲ್ಲಿ ತಂದ ಸಾಮಾನನ್ನೆಲ್ಲ ಒಂದೊಂದು ಸೀಟಿಗೆ ಹಂಚಿ, ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ತಾನು ಕುಳಿತ. ಆ ಸಾಲು ಬಟ್ಟೆ ಒಣಹಾಕಿದ ತಾರಸಿಯಂತೆ ಕಾಣುತ್ತಿತ್ತು.

"ಏನ್ರೀ ಇದು, ಟವೆಲ್‌ಗೂ ಟಿಕೆಟ್ ತಗೊಂಡಿದೀರಾ?" ಎಂದು ಜಯನಗರದಿಂದ ಬಂದಿದ್ದ ಕಮಲಾದೇವಿ ಎನ್ನುವ ಹಿರಿಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಜನ ಬರ್ತಾರೆ ಮೇಡಂ."

"ಬರೋವರ್ಗೂ ಕೂತಿರ್ತೀನಿ."

"ಕೂತ್ಮೇಲೆ ಯಾರು ಏಳ್ತಾರೆ ಮೇಡಂ? ನಾನಾಗಿದ್ರೂ ಏಳಲ್ಲ."

ಕಮಲಾದೇವಿ ಹಿಂದಿನ ಸಾಲಿನಲ್ಲಿ ಕುಳಿತು, ಅವನ ಬೆನ್ನು ಸುಡುವಂತೆ ನೋಡತೊಡಗಿದರು.

ವೇದಿಕೆಯಲ್ಲಿ ವೀಣೆ ಮತ್ತು ಗಿಟಾರಿನ ತಂಡ ಶ್ರುತಿ ಮಾಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಬೈರಣ್ಣನ ಫೋನು: ಬನ್ನೇರುಘಟ್ಟ ರೋಡಿನಲ್ಲಿ ಟ್ರಾಫಿಕ್ ಜಾಮ್, ಬರುವುದು ತಡ. "ನಿಧಾನಕ್ಕೆ ಬನ್ನಿ! ಹುಳಿಮಾವಿನ ಬೈರಣ್ಣನೋರ ಸೀಟು ಅಂದ್ರೆ ಯಾರು ಮುಟ್ತಾರೆ!" ಎಂದು ಅನಂತಪದ್ಮನಾಭ ಅರ್ಧ ಸಭಾಂಗಣಕ್ಕೆ ಕೇಳುವಂತೆ ಕೂಗಿದ.

ಸ್ವಲ್ಪ ಹೊತ್ತಿಗೆಲ್ಲ ಕರಿ ಟೀ ಶರ್ಟಿನ ಯುವಕನೊಬ್ಬ ಬಂದು ಕೊಡೆ ಎತ್ತಿಟ್ಟು ಕುಳಿತ. "ಬೈರಣ್ಣ ಕಳ್ಸಿದ್ರು ಅಂಕಲ್. ನಾನು ಅವ್ರ ಕಡೆಯವ್ನು."

"ಓ, ಬನ್ನಿ ಬನ್ನಿ!" ಅನಂತಪದ್ಮನಾಭ ಕುಡಿಯಲು ನೀರನ್ನೂ ಕೊಟ್ಟ. ಯುವಕ ನೀರು ಕುಡಿದು, ಫೋನು ತೆಗೆದು, "ಮಗಾ, ಸೆಕೆಂಡ್ ರೋ ಸಿಕ್ತು ಗುರು! ಯಾರೋ ಬೈರಣ್ಣ ಅಂತೆ. ಹೆಸ್ರು ಹೇಳು, ಸಾಕು" ಎಂದ.

ಅವನನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಅನಂತಪದ್ಮನಾಭನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಇನ್ನು ಯಾರನ್ನೂ ನಂಬಬಾರದೆಂದು ನಿಶ್ಚಯಿಸಿದ.

ಆಗ ಬಂದವರು ಶಿವರಾಜ್ ಎನ್ನುವ ಹಿರಿಯರು. ಜೊತೆಗೆ ರೇಷ್ಮೆ ಸೀರೆಯುಟ್ಟ ಹೆಂಡತಿ, ಇಸ್ತ್ರಿ ಮಾಡಿದ ಅಂಗಿಯ ಮಗ. "ನಮಸ್ಕಾರ. ನಾವು ಗಿರಿನಗರದಿಂದ ಬಂದಿದೀವಿ. ಬೈರಣ್ಣನ ಕಡೆಯೋರು."

ಅನಂತಪದ್ಮನಾಭ ನಕ್ಕ. "ಇವತ್ತು ಇಡೀ ಬೆಂಗಳೂರೇ ಬೈರಣ್ಣನ ಕಡೆಯದು ಬಿಡಿ ಸಾರ್!"

"ಬೇಕಾದ್ರೆ ಅವ್ರಿಗೆ ಫೋನ್ ಮಾಡಿ ಕೇಳ್ರೀ."

ಮಾಡಿದ. ಕಾರು ಓಡಿಸುತ್ತಿದ್ದ ಬೈರಣ್ಣ ಎತ್ತಲಿಲ್ಲ. "ನೋಡಿದ್ರಾ?" ಎಂದು ಅನಂತಪದ್ಮನಾಭ ಕೇಸು ಗೆದ್ದ ವಕೀಲನಂತೆ ಕೈ ಕಟ್ಟಿಕೊಂಡ.

"ಕೊಡ್ಬೇಡಿ ಸಾರ್! ನಂಗೇ ಕೊಟ್ಟಿಲ್ಲ!" ಎಂದು ಹಿಂದಿನಿಂದ ಕಮಲಾದೇವಿ ಬೆಂಬಲ ಕೊಟ್ಟರು.

"ನಡೀರಿ, ಇವ್ರ ಹತ್ರ ಎಂಥ ಮಾತು" ಎಂದು ಶಿವರಾಜರ ಹೆಂಡತಿ ಮುಖ ತಿರುಗಿಸಿದರು. ಗಂಡ ಹೆಂಡತಿಗೆ ತೀರಾ ಹಿಂದೆ ಜಾಗ ಸಿಕ್ಕಿತು. ಮಗ ಗೋಡೆಗೊರಗಿ ನಿಂತ.

ಮೊದಲ ತಂಡದ ಸರದಿ ಮುಗಿದು ದೀಪವಾರಿದ ಮೇಲೆ ಬೈರಣ್ಣನೂ ಹೆಂಡತಿ ಅಂಜನಮ್ಮನೂ ತಡವರಿಸುತ್ತ ಬಂದರು.

"ಮಗ್ಳು ಚೈತ್ರ ಗಾಡಿ ನಿಲ್ಸಿ ಬರ್ತಾಳೆ. ಎಲ್ಲಿ, ಗಿರಿನಗರದೋರು ಬಂದಿಲ್ವಾ?"

"ಯಾ... ಯಾವ ಗಿರಿನಗರದವ್ರು?"

"ಚೈತ್ರನ್ನ ನೋಡಕ್ಕೆ ಬಂದಿರೋ ಗಂಡಿನ ಕಡೆಯೋರು ಸ್ವಾಮಿ! ಮನೇಗೆ ಕರ್ದು ಕಾಫಿ ತಟ್ಟೆ ಹಿಡ್ಸೋದು ಬೇಡ ಅಂತ ಅವ್ಳು ಹಟ ಹಿಡಿದ್ಲು. ಅದ್ಕೇ ಇಲ್ಲಿಗೆ ಕರೆಸಿದ್ದು."

ಅನಂತಪದ್ಮನಾಭ ಬಾಯಿ ತೆರೆದ. ಅದೇ ಕ್ಷಣಕ್ಕೆ ಮನು ಡ್ರಮ್ಸ್ ಬಾರಿಸಲು ಶುರುಮಾಡಿದ್ದರಿಂದ ಆ ತಪ್ಪೊಪ್ಪಿಗೆ ಯಾರಿಗೂ ಕೇಳಲಿಲ್ಲ. ಪಕ್ಕದಲ್ಲಿ ತಮಟೆಯವನು ಕುಣಿಯುತ್ತಿದ್ದ, ಜನ ಶಿಳ್ಳೆ ಹೊಡೆಯುತ್ತಿದ್ದರು. ಅನಂತಪದ್ಮನಾಭನಿಗೆ ಮಾತ್ರ ಒಂದೊಂದು ಏಟೂ ತನ್ನ ಬೀರು, ಮಂಚ, ಪಾತ್ರೆಗಳನ್ನು ಲಾರಿಗೆ ಎಸೆಯುವ ಸದ್ದಿನಂತೆ ಕೇಳಿಸಿತು. ಚೈತ್ರಳೂ ಬರಲಿಲ್ಲ. ಅವನು ಕಾದಿಟ್ಟ ನಾಲ್ಕು ಸೀಟು ಖಾಲಿಯೇ ಉಳಿದವು.

ಕಾರ್ಯಕ್ರಮ ಮುಗಿದು ಹೊರಗೆ ಬಂದಾಗ, ಬೈರಣ್ಣನೊಡನೆ ಮಾತಾಡುತ್ತಿದ್ದ ಶಿವರಾಜರು ನೇರ ಅವನತ್ತಲೇ ನಡೆದು ಬಂದರು. ಅನಂತಪದ್ಮನಾಭ ಕೈ ಮುಗಿದ. "ತಪ್ಪಾಯ್ತು ಸಾರ್. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

"ತಪ್ಪಾ? ಬೈರಣ್ಣ, ಇವ್ರಿಗೊಂದು ಹಾರ ತರ್ಸಿ ಮೊದ್ಲು!" ಶಿವರಾಜರು ಗಟ್ಟಿಯಾಗಿ ನಕ್ಕರು. "ಸೀಟಿಲ್ದೆ ನಮ್ಮ ಹುಡ್ಗ ಹಿಂದೆ ನಿಂತಿದ್ನಾ, ಕತ್ಲೇಲಿ ಮುಂದೆ ಬರಕ್ಕಾಗ್ದೆ ನಿಮ್ಮ ಹುಡ್ಗೀನೂ ಅಲ್ಲೇ ನಿಂತ್ಲು. ಇಬ್ರೂ ಅಷ್ಟೊತ್ತು ಮಾತಾಡಿದ್ದಾರೆ! ನಿಮ್ಮ ಸೀಟಲ್ಲಿ ಕೂತಿದ್ರೆ ಮಧ್ಯೆ ನಾವು ನಾಲ್ಕು ಜನ ಬಂಡೆ ಥರ ಇರ್ತಿದ್ವಿ. ಇಬ್ರಿಗೂ ಒಪ್ಗೆ ಅಂತೆ."

"ಥ್ಯಾಂಕ್ಸ್ ಅಂಕಲ್" ಎಂದಳು ಚೈತ್ರ, ಮುಖವೆಲ್ಲ ನಗುವಾಗಿ.

ಬೈರಣ್ಣ ಅನಂತಪದ್ಮನಾಭನನ್ನು ಬಾಚಿ ತಬ್ಬಿಕೊಂಡ. ಎದೆಯ ಮೇಲಿನ ಭಾರವೆಲ್ಲ ಇಳಿದಂತಾಗಿ ಅನಂತಪದ್ಮನಾಭ ಆ ಅಪ್ಪುಗೆಯೊಳಗಿಂದಲೇ ಕೇಳಿದ: "ಹಾಗಾದ್ರೆ ಬೈರಣ್ಣನೋರೇ, ಅಗ್ರಿಮೆಂಟು...?"

"ಅದ್ನೇ ಹೇಳಾಣ ಅಂತಿದ್ದೆ ಸ್ವಾಮಿ. ಹುಡ್ಗನ ಆಫೀಸು ನಮ್ಮ ಬನ್ನೇರುಘಟ್ಟ ರೋಡಲ್ಲೇ ಐತಂತೆ. ಚೈತ್ರನೂ ನಮ್ಮ ಕಣ್ಮುಂದೇನೇ ಇರ್ತೀನಿ ಅಂತಾಳೆ. ಮಹಡಿ ಮನೆ ಅವ್ರಿಗೇ ಅಂತ ಈಗ್ತಾನೆ ಮಾತು ಕೊಟ್ಬಿಟ್ಟೆ." ಬೈರಣ್ಣ ಅವನ ಬೆನ್ನು ತಟ್ಟಿದ. "ಬೇಜಾರ್ ಮಾಡ್ಕೋಬೇಡಿ. ಮದ್ವೆ ಪತ್ರಿಕೆ ಮೊದ್ಲು ನಿಮ್ಗೇ ಕೊಡೋದು. ಹೊಸ ಮನೆ ಅಡ್ರೆಸ್ ಒಂದು ಬೇಗ ತಿಳ್ಸಿಬಿಡಿ."